ಗಾಯ ಎಷ್ಟು ಮಾಯಿತು? ಫೋನಿನ ಫೋಟೊದಿಂದ ಅಳೆಯುವ ಕ್ರಮ

‘ಹೋದ ವಾರ ಎರಡು ಬೆರಳಗಲ ಇತ್ತು ಸಿಸ್ಟರ್, ಈಗ ಒಂದೂವರೆ ಆಗೇತಿ.’

ಡ್ರೆಸ್ಸಿಂಗ್ ಕೋಣೆಯಲ್ಲಿ ದಿನವೂ ಕಿವಿಗೆ ಬೀಳುವ ಲೆಕ್ಕ ಇದು. ಬೆರಳು ಯಾರದು, ಯಾವ ಕಡೆಯಿಂದ ಹಿಡಿದು ನೋಡಿದ್ದು ಎಂದು ಕೇಳಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಸ್ಕೇಲು ಹಿಡಿದು ಉದ್ದ, ಅಗಲ ಗುಣಿಸುವುದು ಇದಕ್ಕಿಂತ ಮೇಲು. ಆದರೆ ಯಾವ ಹುಣ್ಣೂ ಮೂಲೆ ಮಟ್ಟಸವಾದ ಆಯತವಲ್ಲ. ಮೊಟ್ಟೆಯಾಕಾರದ ಗಾಯಕ್ಕೆ ಉದ್ದ-ಅಗಲ ಗುಣಿಸಿದರೆ ಇರುವುದಕ್ಕಿಂತ ಸುಮಾರು ಶೇ. 27ರಷ್ಟು ಹೆಚ್ಚು ಬರುತ್ತದೆ. ಅದಕ್ಕೇ ಕೆಲವರು ಗುಣಲಬ್ಧವನ್ನು ಮತ್ತೆ 0.785ರಿಂದ ಗುಣಿಸುತ್ತಾರೆ. ಅಂಚು ಒಳಗೂ ಹೊರಗೂ ಹೋಗಿ ನಕ್ಷೆಯಲ್ಲಿನ ಕೆರೆಯಂತೆ ಕಾಣುವ ಗಾಯಕ್ಕೆ ಆ ತಿದ್ದುಪಡಿಯೂ ಸಾಲದು.

ಫೋಟೊ ತೆಗೆದು, ಗಾಯದ ಅಂಚಿನ ಮೇಲೆ ಗೆರೆ ಎಳೆದು, ಒಳಗಿನ ಚದರ ಸೆಂಟಿಮೀಟರನ್ನು ಕಂಪ್ಯೂಟರಿನಿಂದ ಎಣಿಸುವುದಕ್ಕೆ ದುಬಾರಿ ಯಂತ್ರ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್, ಸಮುದಾಯ ಆರೋಗ್ಯ ಅಧಿಕಾರಿ, ಮನೆಗೆ ಹೋಗಿ ಪಟ್ಟಿ ಕಟ್ಟುವವರು ಇದನ್ನು ಕಲಿತರೆ ಲಾಭ ರೋಗಿಗೆ. ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಕಡೆಯವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ ಒಮ್ಮೆ ಬಂದುಹೋದರೆ ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಬಸ್ ಚಾರ್ಜು ಎಲ್ಲ ಹೋಗುತ್ತದೆ. ಯಾವ ವಾರ ಬರಲೇಬೇಕು, ಯಾವ ವಾರ ಊರಲ್ಲೇ ಪಟ್ಟಿ ಬದಲಿಸಿದರೆ ಸಾಕು ಎಂದು ವೈದ್ಯರು ಹೇಳಲು ಕೈಯಲ್ಲಿ ಅಂಕಿ ಬೇಕು. ಚಿಕಿತ್ಸೆ ನಿರ್ಧರಿಸುವವರು ವೈದ್ಯರೇ. ಅಳತೆ ಅವರ ಕೈಗೆ ಕೊಡುವ ಕಾಗದ ಮಾತ್ರ.

ಮೊದಲೇ ಒಂದು ಮಾತು. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ತೆರೆಯುವ ಮುಂಚೆಯೇ ಆಗಿಹೋಗಿರುತ್ತವೆ. ಅದಕ್ಕೇ ಇಲ್ಲಿ ಸಾಫ್ಟ್‌ವೇರ್‌ಗಿಂತ ಫೋಟೊ ತೆಗೆಯುವ ಬಗ್ಗೆ ಹೆಚ್ಚು ಹೇಳಿದೆ.

ಬೇಕಾದ ಸಾಮಾನು

12 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವ ಯಾವ ಫೋನಾದರೂ ನಡೆಯುತ್ತದೆ. ಬಿಳಿ ಪೇಪರ್ ಟೇಪು, ಅಂದರೆ ಮೆಡಿಕಲ್ ಶಾಪಿನಲ್ಲಿ ಮೈಕ್ರೋಪೋರ್ ಎಂದು ಕೇಳಿದರೆ ಕೊಡುವುದು. ಸ್ಟೀಲ್ ಸ್ಕೇಲು, ಸಣ್ಣ ಮೊನೆಯ ಬಾಲ್‌ಪೆನ್ನು, ಆಪರೇಷನ್ನಿಗೆ ಹಾಸುವಂಥ ಹಸಿರು ಅಥವಾ ನೀಲಿ ಬಟ್ಟೆಯ ತುಂಡು. ಹಳೆಯದಾದರೂ ಸರಿ, ಒಂದು ಲ್ಯಾಪ್‌ಟಾಪು. ಅದರಲ್ಲಿ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ 1997ರಲ್ಲಿ ಹೊರತಂದದ್ದು. ಇದರದೇ ಇನ್ನೊಂದು ರೂಪಕ್ಕೆ ಫಿಜಿ ಎಂದು ಹೆಸರು. ಯಾವುದನ್ನು ಹಾಕಿಕೊಂಡರೂ ಕೆಳಗಿನ ಹೆಜ್ಜೆಗಳು ಒಂದೇ. ಒಮ್ಮೆ ಇಳಿಸಿಕೊಂಡರೆ ಮುಂದೆ ಇಂಟರ್‌ನೆಟ್ ಬೇಡ.

ಅಳತೆಪಟ್ಟಿ ಮಾಡುವುದು ಹೀಗೆ: ಟೇಪನ್ನು ನುಣುಪಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆಯದೆ ಸಡಿಲವಾಗಿ ಅಂಟಿಸಿ, ಸ್ಟೀಲ್ ಸ್ಕೇಲಿಟ್ಟು ಸರಿಯಾಗಿ 5 ಸೆಂ.ಮೀ. ಅಂತರದಲ್ಲಿ ಎರಡು ತೆಳು ಗೆರೆ ಎಳೆಯಿರಿ. ಇಂಥ ಎರಡು ತುಂಡು ಬೇಕು. ಒಬ್ಬರಿಗೆ ಅಂಟಿಸಿದ್ದನ್ನು ಇನ್ನೊಬ್ಬರಿಗೆ ಅಂಟಿಸಬಾರದು.

ನಾಣ್ಯ ಇಟ್ಟು ಫೋಟೊ ತೆಗೆಯುವ ರೂಢಿ ಇದೆ, ಅದನ್ನು ಬಿಟ್ಟುಬಿಡಿ. ನಾಣ್ಯ ಹೊಳೆಯುತ್ತದೆ, ಅಂಚು ಎಲ್ಲಿ ಮುಗಿಯಿತು ಎಂದು ಕಾಣುವುದಿಲ್ಲ. ನಾಲ್ಕು ಕೈ ದಾಟಿ ಬಂದದ್ದನ್ನು ಗಾಯದ ಪಕ್ಕ ಇಡುವುದೂ ಸರಿಯಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಳೆಯ ಸ್ಟೀಲ್ ಒಂದು ರೂಪಾಯಿಯ ಅಡ್ಡಳತೆ 25 ಮಿ.ಮೀ., 2011ರ ಸರಣಿಯದು ಸುಮಾರು 22. ಒಂದನ್ನು ಇನ್ನೊಂದೆಂದು ತಿಳಿದರೆ ವಿಸ್ತೀರ್ಣದಲ್ಲಿ ಕಾಲು ಭಾಗಕ್ಕೂ ಮೀರಿ ತಪ್ಪು. ಜೆರಾಕ್ಸ್ ಅಂಗಡಿಯಲ್ಲಿ ಸ್ಕೇಲಿನ ಚಿತ್ರ ಪ್ರಿಂಟ್ ಹಾಕಿಸುವವರಿಗೂ ಎಚ್ಚರಿಕೆ: ಹಾಳೆಗೆ ಹೊಂದಿಸುವ ಆಯ್ಕೆ ಆನ್ ಆಗಿದ್ದರೆ ಚಿತ್ರ ಕುಗ್ಗುತ್ತದೆ. ಸ್ಟೀಲ್ ಸ್ಕೇಲಿಟ್ಟು ನೋಡದೆ ಬಳಸಬೇಡಿ. ಲ್ಯಾಮಿನೇಷನ್ ಮಾಡಿಸಿದರೆ ಹೊಳಪು ಬಂದು ಗೆರೆ ಮಾಯ.

ಮೊದಲು ಕಾಗದದ ಮೇಲೆ

ರೋಗಿಯ ಹತ್ತಿರ ಹೋಗುವ ಮುಂಚೆ ಬಿಳಿ ಹಾಳೆಯ ಮೇಲೆ 5 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಆಯತ ಬರೆದು ಕೆಂಪು ಬಣ್ಣ ತುಂಬಿ. ಅಳತೆಪಟ್ಟಿ ಅಂಟಿಸಿ, ಕೆಳಗೆ ಹೇಳಿದ ಕ್ರಮದಲ್ಲೇ ಫೋಟೊ ತೆಗೆದು ಅಳೆಯಿರಿ. ಉತ್ತರ 20 ಚದರ ಸೆಂ.ಮೀ. ಬರಬೇಕು. 19.6ರಿಂದ 20.4ರ ಒಳಗೆ ಬಂದರೆ ಕೈ ಕುದುರಿದೆ. ಅದರಾಚೆ ಹೋದರೆ ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ.

ಇನ್ನು ಅದೇ ಹಾಳೆಯನ್ನು 8 ಸೆಂ.ಮೀ. ದಪ್ಪದ ನೀರಿನ ಬಾಟಲಿಗೆ ಸುತ್ತಿ. ಕಣಕಾಲಿನ ಮೇಲ್ಭಾಗ ಹೆಚ್ಚೂಕಡಿಮೆ ಅಷ್ಟೇ ದಪ್ಪ. ಆಯತದ 4 ಸೆಂ.ಮೀ. ಬದಿ ಸುತ್ತಿನ ದಿಕ್ಕಿಗೆ ಬಂದರೆ ಫೋಟೊದಲ್ಲಿ ಶೇ. 4ರಷ್ಟು ಕಡಿಮೆ ಕಾಣುತ್ತದೆ. ಬದಿ 6 ಸೆಂ.ಮೀ. ಆದರೆ ಶೇ. 9, 8 ಸೆಂ.ಮೀ. ಆದರೆ ಶೇ. 16. ಕ್ಯಾಮೆರಾ ಎಷ್ಟು ಒಳ್ಳೆಯದಿದ್ದರೂ ಈ ಕೊರತೆ ತಪ್ಪದು, ಏಕೆಂದರೆ ಬಾಗಿದ್ದನ್ನು ಅದು ಚಪ್ಪಟೆ ಮಾಡಿ ನೋಡುತ್ತದೆ. ಕಾಲನ್ನು ಸುತ್ತಿ ಬಂದ ಅಗಲವಾದ ಹುಣ್ಣಿಗೆ ಎರಡು ಮೂರು ಕೋನದಿಂದ ಫೋಟೊ ತೆಗೆದು, ಚರ್ಮದ ಮೇಲಿನ ಮಚ್ಚೆಯನ್ನೋ ಪೆನ್ನಿನ ಗುರುತನ್ನೋ ಗಡಿ ಮಾಡಿಕೊಂಡು ಭಾಗ ಭಾಗವಾಗಿ ಅಳೆಯಬೇಕು. ಅದೂ ಆಗದಿದ್ದರೆ ಹಳೆಯ ದಾರಿಯೇ ಗಟ್ಟಿ: ಎರಡು ಪದರ ಪಾರದರ್ಶಕ ಹಾಳೆ ಹೊದಿಸಿ, ಮೇಲಿನ ಪದರದ ಮೇಲೆ ಮಾರ್ಕರಿನಿಂದ ಅಂಚು ಬರೆದು, ಗಾಯಕ್ಕೆ ತಾಗಿದ ಕೆಳಪದರ ಎಸೆದು, ಮೇಲಿನದನ್ನು ಗ್ರಾಫ್ ಹಾಳೆಯ ಮೇಲಿಟ್ಟು ಫೋಟೊ ತೆಗೆಯುವುದು.

ಫೋಟೊ ತೆಗೆಯುವುದು

ವಾರಕ್ಕೊಮ್ಮೆ ಸಾಕು, ಅದೇ ದಿನ. ಪ್ರತಿ ಡ್ರೆಸ್ಸಿಂಗಿಗೂ ತೆಗೆದರೆ ದಿನದಿನದ ಸಣ್ಣ ಏರಿಳಿತ ನೋಡಿ ರೋಗಿಯ ಜೊತೆ ನೀವೂ ಗಾಬರಿಯಾಗುತ್ತೀರಿ.

ಹಳೆಯ ಪಟ್ಟಿ ಬಿಚ್ಚಿ, ಸಲೈನಿನಿಂದ ತೊಳೆದು, ಮುಲಾಮು, ಕೀವು ಪೂರ್ತಿ ತೆಗೆದು, ಸ್ಟೆರೈಲ್ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರು ಹೀರಿಸಿ. ಒರೆಸಬೇಡಿ, ರಕ್ತ ಜಿನುಗಿದರೆ ಬಣ್ಣದ ಲೆಕ್ಕ ಕೆಡುತ್ತದೆ. ನೀರು ನಿಂತಿದ್ದರೆ ಬೆಳಕು ಹೊಳೆದು ಬಿಳಿ ಮಚ್ಚೆ ಬೀಳುತ್ತದೆ. ವೈದ್ಯರು ಸತ್ತ ಚರ್ಮವನ್ನು ಕತ್ತರಿಸಿ ತೆಗೆಯುವುದಿದ್ದರೆ ಮುಂಚೆ ಒಂದು, ಆಮೇಲೆ ಒಂದು ಫೋಟೊ. ಸಕ್ಕರೆ ಕಾಯಿಲೆಯವರ ಅಂಗಾಲಿನ ಹುಣ್ಣಿನ ಸುತ್ತ ಗಟ್ಟಿಯಾದ ಚರ್ಮ ತೆಗೆದ ದಿನ ವಿಸ್ತೀರ್ಣ ಹೆಚ್ಚಾಗಿಯೇ ಬರುತ್ತದೆ. ಅದು ಹುಣ್ಣು ಬೆಳೆದದ್ದಲ್ಲ, ಮುಚ್ಚಿಕೊಂಡಿದ್ದದ್ದು ಕಂಡದ್ದು. ಲೆಕ್ಕದ ಮೊದಲ ದಿನ ಎಂದು ಹಿಡಿಯಬೇಕಾದದ್ದು ಈ ಎರಡನೆಯ ಫೋಟೊವನ್ನು.

ಭಂಗಿ ಪ್ರತಿ ಸಲ ಒಂದೇ ಇರಲಿ. ಬೆನ್ನ ಮೇಲೆ ಮಲಗಿ ಹಿಮ್ಮಡಿ ದಿಂಬಿನ ಮೇಲೆ, ಅಥವಾ ಎಡಮಗ್ಗುಲಾಗಿ ಮಂಡಿ ಮಡಚಿ, ಹೀಗೆ ಕಾರ್ಡಿನಲ್ಲಿ ಬರೆದಿಡಿ. ಸೊಂಟದ ಕೆಳಗಿನ ಹಾಸಿಗೆ ಹುಣ್ಣಿನಲ್ಲಿ ಕಾಲು ಮಡಚಿದರೆ ಚರ್ಮ ಹಿಗ್ಗಿ ಗಾಯ ಅಗಲವಾಗಿ ಕಾಣುತ್ತದೆ, ಚಾಚಿದರೆ ಸಣ್ಣದು.

ಕೆಳಗೆ ಹಸಿರು ಬಟ್ಟೆ ಹಾಸಿ. ಅಳತೆಪಟ್ಟಿ ಎರಡನ್ನೂ ಗಾಯದಿಂದ 1ರಿಂದ 2 ಸೆಂ.ಮೀ. ದೂರದ ಒಳ್ಳೆಯ ಚರ್ಮದ ಮೇಲೆ, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ, ಮೂಲೆಮಟ್ಟದ ಆಕಾರದಲ್ಲಿ ಅಂಟಿಸಿ. ವಯಸ್ಸಾದವರ ತೆಳು ಚರ್ಮಕ್ಕೆ, ಭದ್ರಾ ನಾಲೆಯ ಗದ್ದೆಯಲ್ಲಿ ನೆನೆದು ಬಿಳಿಚಿದ ಪಾದಕ್ಕೆ ಅಂಟಿಸಬೇಡಿ. ಕೀಳುವಾಗ ಹೊಸ ಗಾಯ ಮಾಡಿದಂತಾಗುತ್ತದೆ. ಅಂಥವರಿಗೆ ಟೇಪನ್ನು ದಪ್ಪ ಕಾಗದಕ್ಕೆ ಅಂಟಿಸಿ ಪಕ್ಕದಲ್ಲಿ ಇಡಿ, ಆದರೆ ಗಾಯದ ಮಟ್ಟದಲ್ಲೇ ಇರಲಿ.

ಈ ಮಟ್ಟದ ಮಾತು ಸಣ್ಣದೆನಿಸಬಹುದು, ಆದರೆ ಲೆಕ್ಕ ನೋಡಿ. ಫೋನು 35 ಸೆಂ.ಮೀ. ದೂರದಲ್ಲಿದ್ದು, ಪಟ್ಟಿ ಗಾಯಕ್ಕಿಂತ 1 ಸೆಂ.ಮೀ. ಮೇಲಿದ್ದರೆ ವಿಸ್ತೀರ್ಣ ಸುಮಾರು ಶೇ. 6 ಕಡಿಮೆ ಬರುತ್ತದೆ. ಅದೇ ತಪ್ಪನ್ನು 10 ಸೆಂ.ಮೀ. ಹತ್ತಿರ ಹೋಗಿ ಮಾಡಿದರೆ ಶೇ. 19 ಕಡಿಮೆ. ‘ಹತ್ತಿರ ಹೋದರೆ ಚೆನ್ನಾಗಿ ಕಾಣುತ್ತದೆ’ ಎಂಬುದು ಈ ಕೆಲಸದ ದೊಡ್ಡ ಮೋಸ. ತೀರಾ ಹತ್ತಿರ ಒಯ್ದರೆ ಎಷ್ಟೋ ಫೋನುಗಳು ತಾವಾಗಿಯೇ ಅಗಲ ನೋಟದ ಇನ್ನೊಂದು ಲೆನ್ಸಿಗೆ ಹಾರುತ್ತವೆ, ಅದರಲ್ಲಿ ಅಂಚಿನ ಕಡೆಯ ಆಕಾರ ಹಿಗ್ಗುತ್ತದೆ. 35ರಿಂದ 40 ಸೆಂ.ಮೀ. ದೂರ ನಿಂತು, ಬೇಕಿದ್ದರೆ 2 ಪಟ್ಟು ಜೂಮ್ ಹಾಕಿ. ದೂರ ನೋಡಲು ಫೋನಿನ ಪಕ್ಕ ಸ್ಕೇಲು ಹಿಡಿದರೆ ಸಾಕು, ಅದರ ತುದಿ ಗಾಯಕ್ಕೆ ತಾಗದಿರಲಿ.

ಫೋನು ಗಾಯಕ್ಕೆ ಸಮಾನಾಂತರವಾಗಿರಬೇಕು, ನೆಲಕ್ಕಲ್ಲ. ಹಿಮ್ಮಡಿಯ ಪಕ್ಕದ ಹುಣ್ಣಿಗೆ ಫೋನೂ ಅಷ್ಟೇ ಓರೆಯಾಗಬೇಕು. ಸರಿಯಾಯಿತೇ ಎಂದು ಆ ಎರಡು ಪಟ್ಟಿಗಳೇ ಹೇಳುತ್ತವೆ. ಫೋಟೊದಲ್ಲಿ ಎರಡೂ 5 ಸೆಂ.ಮೀ.ಗೆ ಒಂದೇ ಸಂಖ್ಯೆಯ ಪಿಕ್ಸೆಲ್, ಅಂದರೆ ಫೋಟೊದ ಚುಕ್ಕಿ, ಬರಬೇಕು. ಒಂದು 400, ಇನ್ನೊಂದು 380 ಬಂದರೆ ಫೋನು ಸುಮಾರು 18 ಡಿಗ್ರಿ ಓರೆಯಾಗಿತ್ತು ಎಂದರ್ಥ. ವ್ಯತ್ಯಾಸ ಶೇ. 3 ಮೀರಿದರೆ ಮತ್ತೆ ತೆಗೆಯಿರಿ. ರೋಗಿ ಇನ್ನೂ ಮುಂದಿರುವಾಗಲೇ ಫೋಟೊ ಹಿಗ್ಗಿಸಿ ನೋಡಿಕೊಳ್ಳಿ. ಅವರು ಬಸ್ ಹತ್ತಿದ ಮೇಲೆ ಕಂಡರೆ ಏನು ಬಂತು?

ಬೆಳಕಿಗೆ ಕಿಟಕಿಯೇ ಸಾಕು, ಬಿಸಿಲು ನೇರ ಬೀಳದ ಕಡೆ. ಚಳ್ಳಕೆರೆ ಕಡೆಯ ಬೇಸಿಗೆ ಬಿಸಿಲಲ್ಲಿ ಅಂಗಳಕ್ಕೆ ತಂದು ತೆಗೆದರೆ ಅರ್ಧ ಗಾಯ ಬಿಳಿ, ಅರ್ಧ ಕಪ್ಪು ನೆರಳು. ಮಂಡಕ್ಕಿ ಭಟ್ಟಿಯ ಪಕ್ಕದ ಮನೆಗಳಂತೆ ಹೊಗೆ ಹಿಡಿದು ಕತ್ತಲಾದ ಕೋಣೆಯಲ್ಲಿ ಬಾಗಿಲ ಹತ್ತಿರ ಮಂಚ ಎಳೆದುಕೊಳ್ಳಿ. ಫ್ಲ್ಯಾಷ್ ಬೇಡ. ಹಳದಿ ಬಲ್ಬು, ಟ್ಯೂಬ್‌ಲೈಟು, ಕಿಟಕಿ ಮೂರೂ ಬೆರೆತ ಬೆಳಕೂ ಬೇಡ, ಒಂದನ್ನೇ ಇಟ್ಟುಕೊಳ್ಳಿ. ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಅದು ವಿದ್ಯುತ್ತಿನ ಮಿನುಗು. ದೀಪ ಆರಿಸಿ ಕಿಟಕಿಗೆ ಹೋಗಿ. ಮುಖ ಬೆಳ್ಳಗೆ ಮಾಡುವ ಬ್ಯೂಟಿ ಮೋಡು, ಫಿಲ್ಟರು ಎಲ್ಲ ಆಫ್ ಇರಲಿ. ಚರ್ಮ ನುಣುಪು ಮಾಡುವ ಆ ಕೆಲಸ ಗಾಯದ ಅಂಚನ್ನೂ ಒರೆಸಿಹಾಕುತ್ತದೆ.

ಹೆಸರಿನ ಬದಲು ರಿಜಿಸ್ಟರ್ ಸಂಖ್ಯೆ, ದಿನಾಂಕ, ಎಡವೋ ಬಲವೋ, ಯಾವ ಜಾಗ ಎಂದು ಬರೆದ ಚೀಟಿ ಚೌಕಟ್ಟಿನೊಳಗೆ ಇರಲಿ. ಪ್ರತಿ ಸಲ ಮೂರು ಫೋಟೊ: ಇಡೀ ಪಾದ ಕಾಣುವ ಒಂದು, ಅಳತೆಗೆ ಎರಡು. ಆ ಎರಡನ್ನು ಕೈ ಇಳಿಸಿ ಮತ್ತೆ ಎತ್ತಿ ತೆಗೆಯಬೇಕು, ಒತ್ತಿ ಹಿಡಿದು ಸಾಲಾಗಿ ಅಲ್ಲ.

ಕಂಪ್ಯೂಟರಿನಲ್ಲಿ

ಫೋಟೊವನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಿ. ಐಫೋನಿನವರು ಕ್ಯಾಮೆರಾ ಸೆಟ್ಟಿಂಗಿನಲ್ಲಿ ಜೆಪೆಗ್ ರೂಪ ಆರಿಸಿರಬೇಕು, ಇಲ್ಲದಿದ್ದರೆ ಇಮೇಜ್‌ಜೆ ತೆರೆಯುವುದಿಲ್ಲ.

1. ಫೋಟೊ ತೆರೆಯಿರಿ. ಅಡ್ಡ ತಿರುಗಿ ತೆರೆದರೂ ವಿಸ್ತೀರ್ಣಕ್ಕೆ ತೊಂದರೆಯಿಲ್ಲ.

2. ನೇರ ಗೆರೆಯ ಉಪಕರಣ ಆರಿಸಿ, ಚಿತ್ರ ಹಿಗ್ಗಿಸಿ, ಪಟ್ಟಿಯ ಒಂದು ಗೆರೆಯ ನಡುವಿನಿಂದ ಇನ್ನೊಂದರ ನಡುವಿನವರೆಗೆ ಎಳೆಯಿರಿ. ಪೂರ್ತಿ 5 ಸೆಂ.ಮೀ. ಎಳೆಯಬೇಕು, 1 ಸೆಂ.ಮೀ. ಸಾಕೆಂದುಕೊಳ್ಳಬೇಡಿ. ಈ ದೂರದಲ್ಲಿ 1 ಸೆಂ.ಮೀ. ಎಂದರೆ ಸುಮಾರು 80 ಪಿಕ್ಸೆಲ್. ಕೈ 3 ಪಿಕ್ಸೆಲ್ ಜಾರಿದರೆ ವಿಸ್ತೀರ್ಣದಲ್ಲಿ ಶೇ. 7ಕ್ಕೂ ಹೆಚ್ಚು ತಪ್ಪು. 5 ಸೆಂ.ಮೀ.ನಲ್ಲಿ ಅದೇ 3 ಪಿಕ್ಸೆಲ್ ಜಾರಿದರೆ ಶೇ. 1.5 ಮಾತ್ರ.

3. ಅನಲೈಜ್ ಮೆನುವಿನಲ್ಲಿ ಸೆಟ್ ಸ್ಕೇಲ್. ತಿಳಿದ ದೂರದ ಜಾಗದಲ್ಲಿ 5, ಅಳತೆಯ ಜಾಗದಲ್ಲಿ ಸೆಂ.ಮೀ. ಎಂದು ತುಂಬಿ. ಕೆಳಗಿನ ಗ್ಲೋಬಲ್ ಎಂಬ ಚೌಕಕ್ಕೆ ಗುರುತು ಹಾಕಬೇಡಿ. ಹಾಕಿದರೆ ಇಂದಿನ ಅಳತೆಯೇ ತೆರೆದ ಎಲ್ಲ ಫೋಟೊಗಳಿಗೂ ಅಂಟಿಕೊಳ್ಳುತ್ತದೆ. ಹೊಸಬರ ಲೆಕ್ಕ ಏಕಾಏಕಿ ಕೆಟ್ಟಿದ್ದರೆ ಮೊದಲು ಹುಡುಕಬೇಕಾದದ್ದು ಇಲ್ಲೇ.

4. ಅದೇ ಮೆನುವಿನ ಸೆಟ್ ಮೆಷರ್‌ಮೆಂಟ್ಸ್‌ನಲ್ಲಿ ವಿಸ್ತೀರ್ಣ, ಸುತ್ತಳತೆ ಎರಡಕ್ಕೂ ಗುರುತು ಹಾಕಿ. ಇದು ಒಮ್ಮೆ ಮಾಡಿದರೆ ಸಾಕು.

5. ಪಾಲಿಗನ್ ಉಪಕರಣದಿಂದ ಗಾಯದ ಅಂಚಿನ ಗುಂಟ ಕ್ಲಿಕ್ ಮಾಡುತ್ತ ಸುತ್ತು ಬನ್ನಿ. ಮೌಸ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಕೈಯಿಂದ ಒಂದೇ ಸಮನೆ ಎಳೆಯುವ ಗೆರೆಗಿಂತ ಇದೇ ನೆಟ್ಟಗೆ ಬರುತ್ತದೆ. ತಿರುವು ಇರುವ ಕಡೆ ಬಿಂದು ಒತ್ತೊತ್ತಾಗಿರಲಿ.

6. ಎಮ್ ಕೀಲಿ ಒತ್ತಿದರೆ ಅಂಕಿ ಬರುತ್ತದೆ. ಟಿ ಒತ್ತಿದರೆ ನೀವು ಎಳೆದ ಗಡಿ ತಂತ್ರಾಂಶದ ಗಡಿಗಳ ಯಾದಿಗೆ ಸೇರುತ್ತದೆ, ಅದನ್ನು ಸೇವ್ ಮಾಡಿ. ಗಡಿಯಿಲ್ಲದ ಅಂಕಿಯನ್ನು ಮುಂದೆ ಯಾರೂ ಪರೀಕ್ಷಿಸಲಾರರು. ಚಿತ್ರ ಉಳಿಸುವುದಿದ್ದರೆ ಟಿಫ್ ರೂಪದಲ್ಲಿ ಉಳಿಸಿ, ಸ್ಕೇಲು ಅದರೊಳಗೇ ಉಳಿಯುತ್ತದೆ.

ಗೆರೆ ಎಳೆಯುವುದು ಸುಲಭ, ಎಲ್ಲಿ ಎಳೆಯಬೇಕೆಂಬುದೇ ಕಷ್ಟ. ಒಂದೇ ಫೋಟೊ ಕೊಟ್ಟರೂ ಇಬ್ಬರು ಬೇರೆ ಬೇರೆ ಅಂಕಿ ತರುವುದು ಈ ಹಂತದಲ್ಲಿ. ಹುಣ್ಣಿನ ಅಂಚಿನಿಂದ ಒಳಗೆ ಬರುವ ತೆಳು ಹೊಸ ಚರ್ಮ ನಮ್ಮ ಮೈಬಣ್ಣದವರಲ್ಲಿ ಸುತ್ತಲಿಗಿಂತ ತಿಳಿಯಾಗಿ, ಗುಲಾಬಿಯಾಗಿ ಕಾಣುತ್ತದೆ. ಅದು ಮಾಯ್ದ ಭಾಗ, ಗೆರೆ ಅದರ ಒಳಬದಿಗೆ ಹೋಗಬೇಕು. ನೆನೆದು ಬಿಳಿಚಿದ ಚರ್ಮ ಹೊಸ ಚರ್ಮವಲ್ಲ, ಗಾಯವೂ ಅಲ್ಲ. ಅದನ್ನು ಹೊರಗಿಟ್ಟು ಷರಾದಲ್ಲಿ ಬರೆಯಿರಿ. ಗಾಯದ ನಡುವೆ ದ್ವೀಪದ ಹಾಗೆ ಚರ್ಮ ಎದ್ದಿದ್ದರೆ ಅದನ್ನು ಬೇರೆಯಾಗಿ ಅಳೆದು ಕಳೆಯಿರಿ. ಹಿಮ್ಮಡಿ ಹುಣ್ಣಿನಿಂದ ಹೊರಟ ಒಡಕುಗಳನ್ನು ಸೇರಿಸಬೇಡಿ. ಚಿತ್ರದುರ್ಗದ ಒಣ ಹವೆಯಲ್ಲಿ ಅವು ವಾರವಾರಕ್ಕೂ ಬದಲಾಗುತ್ತವೆ. ಯಾವ ನಿಯಮ ಹಿಡಿದಿರೋ ಅದನ್ನು ಕೊನೆಯವರೆಗೆ ಹಿಡಿಯಿರಿ, ಆದಷ್ಟೂ ಒಬ್ಬರೇ ಗೆರೆ ಎಳೆಯಿರಿ. ಹೋದ ವಾರದ ಫೋಟೊ ಪಕ್ಕದಲ್ಲಿಟ್ಟುಕೊಳ್ಳಿ, ಹೋದ ವಾರದ ಅಂಕಿಯನ್ನು ಮಾತ್ರ ಮುಚ್ಚಿಡಿ. ಸಣ್ಣದಾಗಲಿ ಎಂಬ ಆಸೆ ಗೆರೆಯನ್ನು ಒಳಗೆ ಎಳೆಯುತ್ತದೆ.

ಒಂದೇ ಗಾಯವನ್ನು ಮೂರು ಸಲ ಅಳೆದು ನೋಡಿ. 6.1, 6.4, 6.2 ಬಂದರೆ ನಿಮ್ಮ ಕೈಯ ಓಲಾಟ 0.3. ಮುಂದಿನ ವಾರ 6.0 ಬಂದರೆ ‘ಕಡಿಮೆಯಾಯಿತು’ ಎಂದು ಬರೆಯುವ ಹಕ್ಕು ನಿಮಗಿಲ್ಲ, ‘ಅಷ್ಟೇ ಇದೆ’ ಎಂದು ಬರೆಯಿರಿ.

ಬಣ್ಣದ ಲೆಕ್ಕ

ಕೆಂಪು ಎಂದರೆ ಹೊಸ ಮಾಂಸ, ಹಳದಿ ಎಂದರೆ ಕೊಳೆತ ಪದರ, ಕಪ್ಪು ಎಂದರೆ ಸತ್ತ ಭಾಗ. ಇವುಗಳ ಪಾಲು ಎಷ್ಟೆಷ್ಟು ಎಂದು ತಂತ್ರಾಂಶ ಎಣಿಸಬಲ್ಲದು. ಆದರೆ ವಿಸ್ತೀರ್ಣಕ್ಕೆ ಕೊಡುವಷ್ಟು ನಂಬಿಕೆಯನ್ನು ಬಣ್ಣಕ್ಕೆ ಕೊಡಬೇಡಿ.

ಮೊದಲು ಬೆಳಕಿನ ಪರೀಕ್ಷೆ. ಇಮೇಜ್‌ಜೆಯಲ್ಲಿ ಮೌಸನ್ನು ಬಿಳಿ ಟೇಪಿನ ಮೇಲೆ ಒಯ್ದರೆ ಕೆಂಪು, ಹಸಿರು, ನೀಲಿಯ ಮೂರು ಅಂಕಿ ಕಾಣುತ್ತವೆ. 205, 203, 198 ಇದ್ದರೆ ಸರಿ. 210, 190, 150 ಇದ್ದರೆ ಬೆಳಕು ಹಳದಿ, ಆ ವಾರ ಬಣ್ಣದ ಲೆಕ್ಕ ಬಿಡಿ. ಮೂರೂ 255 ಇದ್ದರೆ ಬೆಳಕು ಅತಿಯಾಗಿದೆ.

ಆಮೇಲೆ ಚಿತ್ರದ ನಕಲು ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ನಕಲಿನಲ್ಲಿ ಹಿನ್ನೆಲೆ ಬಣ್ಣವನ್ನು ನೀಲಿ ಮಾಡಿ, ಗಾಯದ ಗಡಿ ಹಾಕಿ, ಎಡಿಟ್ ಮೆನುವಿನ ಕ್ಲಿಯರ್ ಔಟ್‌ಸೈಡ್ ಒತ್ತಿ. ಹೊರಗಿನದೆಲ್ಲ ನೀಲಿಯಾಗುತ್ತದೆ. ಹಿನ್ನೆಲೆ ಕಪ್ಪಾಗಿದ್ದರೆ ಅದೂ ಸತ್ತ ಭಾಗದ ಲೆಕ್ಕಕ್ಕೆ ಸೇರಿಬಿಡುತ್ತದೆ, ಅದಕ್ಕೇ ನೀಲಿ. ಈಗ ಇಮೇಜ್ ಮೆನು, ಅಡ್ಜಸ್ಟ್, ಕಲರ್ ಥ್ರೆಶೋಲ್ಡ್. ಬಣ್ಣದ ಪಟ್ಟಿ ಇಲ್ಲಿ 0ಯಿಂದ 255. ಹಳದಿ ಸುಮಾರು 25ರಿಂದ 45ರ ನಡುವೆ ಸಿಗುತ್ತದೆ. ಕಪ್ಪಿಗೆ ಬಣ್ಣ ನೋಡದೆ ಹೊಳಪನ್ನು ಸುಮಾರು 60ರ ಕೆಳಗೆ ಹಿಡಿಯಿರಿ. ಕೆಂಪು ಮಾತ್ರ ಪಟ್ಟಿಯ ಎರಡೂ ತುದಿಯಲ್ಲಿದೆ, 15ರ ಕೆಳಗೆ ಮತ್ತು 235ರ ಮೇಲೆ. ಎರಡನ್ನೂ ಒಟ್ಟಿಗೆ ಹಿಡಿಯಲು ನಡುವಿನ ಭಾಗ ಆರಿಸಿ, ಪಾಸ್ ಎಂಬ ಗುರುತು ತೆಗೆದರೆ ಆಯ್ಕೆ ಉಲ್ಟಾ ಆಗುತ್ತದೆ. ಸೆಲೆಕ್ಟ್ ಒತ್ತಿ, ಎಮ್ ಒತ್ತಿ, ಬಂದದ್ದನ್ನು ಗಾಯದ ಒಟ್ಟು ವಿಸ್ತೀರ್ಣದಿಂದ ಭಾಗಿಸಿ. ಈ ಅಂಕಿಗಳು ಆರಂಭಕ್ಕೆ ಮಾತ್ರ. ನಿಮ್ಮ ಫೋನು, ನಿಮ್ಮ ಬೆಳಕಿಗೆ ತಕ್ಕಂತೆ ಒಮ್ಮೆ ಹೊಂದಿಸಿಕೊಂಡು ಆಮೇಲೆ ಬದಲಿಸಬೇಡಿ.

ಬಣ್ಣ ಕೈಕೊಡುವುದು ನಮ್ಮ ಕಡೆಯ ರೂಢಿಗಳಿಂದಲೇ. ಅರಿಶಿನ ಹಚ್ಚಿದ ಗಾಯ ಅರ್ಧಕ್ಕರ್ಧ ಕೊಳೆತಿದೆ ಎಂದು ತಂತ್ರಾಂಶ ಹೇಳುತ್ತದೆ. ಬೆಟಾಡಿನ್ ಕಂದು ಕಲೆ ಬಿಡುತ್ತದೆ, ನೇರಳೆ ಔಷಧ ಎಲ್ಲವನ್ನೂ ಮುಚ್ಚುತ್ತದೆ. ಸುಟ್ಟ ಗಾಯಕ್ಕೆ ಕಾಫಿ ಪುಡಿ ಮೆತ್ತಿಕೊಂಡು ಬಂದವರಿಗೆ ಕಪ್ಪು ಭಾಗ ಶೇ. 80 ಎಂದರೂ ಆಶ್ಚರ್ಯವಿಲ್ಲ. ಬೆಳ್ಳಿ ಸೇರಿದ ಸುಟ್ಟಗಾಯದ ಮುಲಾಮು ಗಾಯದ ಮೇಲೆ ಹಳದಿ-ಬೂದು ಪದರ ಕಟ್ಟುತ್ತದೆ, ಅದು ಕೊಳೆತದ್ದರ ಹಾಗೇ ಕಾಣುತ್ತದೆ. ತೊಳೆದರೂ ಹೋಗದ ಕಲೆ ಇದ್ದರೆ ಷರಾ ಬರೆದು ವಿಸ್ತೀರ್ಣ ಮಾತ್ರ ಅಳೆಯಿರಿ. ಗಾಯದ ಸುತ್ತಲಿನ ಚರ್ಮ ಕೆಂಪಾಗಿದೆಯೇ ಎಂಬುದನ್ನಂತೂ ಫೋಟೊಗೆ ಬಿಡಲೇಬೇಡಿ. ಕಪ್ಪು ಮೈಬಣ್ಣದಲ್ಲಿ ಸೋಂಕಿನ ಕೆಂಪು ಕ್ಯಾಮೆರಾಗೆ ಕಾಣುವುದೇ ಕಷ್ಟ. ಕೈಯ ಹಿಂಬದಿಯಿಂದ ಬಿಸಿ ನೋಡಿ, ಒತ್ತಿ ಊತ ನೋಡಿ. ತಾನೇ ಅಂಚು ಹುಡುಕುತ್ತೇನೆ ಎನ್ನುವ ಆ್ಯಪುಗಳನ್ನು ಬಳಸುವವರೂ ಅದು ಎಳೆದ ಗೆರೆಯನ್ನು ಪ್ರತಿ ಸಲ ಕಣ್ಣಾರೆ ನೋಡಿ ತಿದ್ದಬೇಕು.

ಅಂಕಿ ಏನು ಹೇಳುತ್ತದೆ

ಒಂದು ಉದಾಹರಣೆ ಹಿಡಿಯೋಣ. ಅಂಗಾಲಿನ ಹುಣ್ಣು, ಮೊದಲ ದಿನ 8.4 ಚದರ ಸೆಂ.ಮೀ., ಸುತ್ತಳತೆ 11 ಸೆಂ.ಮೀ. ನಾಲ್ಕು ವಾರದ ಮೇಲೆ 4.6 ಚದರ ಸೆಂ.ಮೀ., ಸುತ್ತಳತೆ 8.2. ಕಡಿಮೆಯಾದದ್ದು 3.8. ಅದನ್ನು 8.4ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 45. ಸಕ್ಕರೆ ಕಾಯಿಲೆಯ ಪಾದದ ಹುಣ್ಣು ನಾಲ್ಕು ವಾರದಲ್ಲಿ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ 12 ವಾರದೊಳಗೆ ಮಾಯುವ ಸಂಭವ ಹೆಚ್ಚು, ಕುಗ್ಗದಿದ್ದರೆ ತೀರಾ ಕಡಿಮೆ ಎಂಬುದು 2003ರಿಂದ ಈಚೆಗೆ ವೈದ್ಯರು ಹಿಡಿದಿರುವ ಅಳತೆಗೋಲು. ಹಾಗಾಗಿ ಶೇ. 45 ಎಂದರೆ ‘ಪರವಾಗಿಲ್ಲ, ಇಳಿಯುತ್ತಿದೆ’ ಎಂದು ಸುಮ್ಮನಿರುವ ಅಂಕಿಯಲ್ಲ. ಪಾದದ ಮೇಲೆ ಭಾರ ಬೀಳುತ್ತಲೇ ಇದೆಯೇ, ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯೇ, ಸಕ್ಕರೆ ಹಿಡಿತದಲ್ಲಿದೆಯೇ, ಒಳಗೆ ಮೂಳೆಗೆ ಸೋಂಕು ಮುಟ್ಟಿದೆಯೇ ಎಂದು ವೈದ್ಯರು ಮತ್ತೆ ನೋಡಬೇಕಾದ ಅಂಕಿ.

ಶೇಕಡಾ ಲೆಕ್ಕಕ್ಕೂ ಒಂದು ಊನವಿದೆ. ಇಂಥ ಗಾಯ ಹೆಚ್ಚಾಗಿ ಅಂಚಿನಿಂದ ಒಳಗೆ ಮಾಯುತ್ತ ಬರುತ್ತದೆ. 4 ಚದರ ಸೆಂ.ಮೀ.ನ ದುಂಡು ಗಾಯದ ಅಂಚು ಒಂದು ವಾರದಲ್ಲಿ 1 ಮಿ.ಮೀ. ಒಳಗೆ ಬಂದರೆ ಶೇ. 17 ಇಳಿಯುತ್ತದೆ. 40 ಚದರ ಸೆಂ.ಮೀ.ನ ಗಾಯದಲ್ಲಿ ಅದೇ 1 ಮಿ.ಮೀ. ಬಂದರೆ ಶೇ. 5.5 ಮಾತ್ರ. ಎರಡೂ ಒಂದೇ ವೇಗದಲ್ಲಿ ಮಾಯುತ್ತಿವೆ, ಶೇಕಡಾ ನೋಡಿದವರಿಗೆ ದೊಡ್ಡದು ನಿಂತುಹೋದಂತೆ ಕಾಣುತ್ತದೆ. ಇದಕ್ಕೆ ಪರಿಹಾರ ಸುತ್ತಳತೆ. ಕಡಿಮೆಯಾದ ವಿಸ್ತೀರ್ಣವನ್ನು ಎರಡೂ ಸುತ್ತಳತೆಗಳ ಸರಾಸರಿಯಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 3.8ನ್ನು 9.6ರಿಂದ ಭಾಗಿಸಿದರೆ ಸುಮಾರು 0.4 ಸೆಂ.ಮೀ., ಅಂದರೆ ವಾರಕ್ಕೆ 1 ಮಿ.ಮೀ. ಅಂಚು ಒಳಗೆ ಬಂದಿದೆ. ಸುಟ್ಟಗಾಯದಂಥ ದೊಡ್ಡ ಗಾಯಗಳಿಗೆ ಈ ಅಂಕಿಯನ್ನೂ ಬರೆಯಿರಿ. ಆಗ ಸುತ್ತಳತೆಗೆ ಬಿಂದುಗಳನ್ನು ಪ್ರತಿ ವಾರ ಹೆಚ್ಚೂಕಡಿಮೆ ಅಷ್ಟೇ ಒತ್ತಾಗಿ ಇಡಬೇಕು. ಒತ್ತು ಹೆಚ್ಚಾದಷ್ಟೂ ಸುತ್ತಳತೆ ಉದ್ದವಾಗುತ್ತದೆ.

ಫೋಟೊ ಕಾಣದ್ದು ಆಳ. ಅಂಚಿನ ಕೆಳಗೆ ಒಳಗೊಳಗೇ ಹರಡಿದ ಗುಳಿಯೂ ಕಾಣದು. ಬಾಯಿ ಕಿರಿದಾಗುತ್ತ ಒಳಗೆ ಕೀವು ತುಂಬುವ ಗಾಯಕ್ಕೆ ಪ್ರತಿ ವಾರವೂ ಚೆಂದದ ಅಂಕಿ ಬರುತ್ತಿರುತ್ತದೆ. ತರಬೇತಾದವರು ಸ್ಟೆರೈಲ್ ಕಡ್ಡಿಯಿಂದ ಆಳ ನೋಡಿ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ತಲೆಯ ದಿಕ್ಕು 12 ಎಂದು ಹಿಡಿದು, ಯಾವ ಕಡೆ ಎಷ್ಟು ಒಳಗೆ ಹೋಯಿತು ಎಂದು ಬರೆಯಬೇಕು.

ಜ್ವರ, ದುರ್ವಾಸನೆ, ಬೇಗ ಹರಡುವ ಊತ ಅಥವಾ ಕಪ್ಪು, ಮೂಳೆ ಕಾಣುವುದು, ಒತ್ತಿದರೆ ಚರಚರ ಎನ್ನುವ ಚರ್ಮ, ಇವು ಕಂಡ ದಿನ ಫೋನು ಜೇಬಿಗೆ ಹಾಕಿ 108ಕ್ಕೆ ಕರೆ ಮಾಡಿ. ಅಂಕಿ ಆಮೇಲೆ.

ಕಳಿಸುವುದು, ಇಡುವುದು

ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಕುಗ್ಗುತ್ತದೆ. ಅಳತೆಪಟ್ಟಿಯೂ ಜೊತೆಗೇ ಕುಗ್ಗುವುದರಿಂದ ವಿಸ್ತೀರ್ಣ ಹೇಗೋ ಉಳಿಯುತ್ತದೆ, ಆದರೆ ಅಂಚು ಮಸುಕಾಗಿ ಬಣ್ಣ ಕೆಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ವೈದ್ಯರೊಬ್ಬರಿಗೇ ಕಳಿಸಿ. ಗುಂಪಿಗೆ ಹಾಕುವುದು ಬೇಡವೇ ಬೇಡ. ಏಕೆ ತೆಗೆಯುತ್ತೇವೆ, ಯಾರು ನೋಡುತ್ತಾರೆ ಎಂದು ರೋಗಿಗೆ ಕನ್ನಡದಲ್ಲಿ ಹೇಳಿ, ಒಪ್ಪಿಗೆ ಬರೆಸಿಕೊಳ್ಳಿ. ಓದು ಬಾರದವರಿಗೆ ಮನೆಯವರೆದುರು ಓದಿ ಹೇಳಿ ಹೆಬ್ಬೆಟ್ಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಮೂಲ ಒಪ್ಪಿಗೆಯೇ. ಮುಖ, ಹಚ್ಚೆ, ತಾಳಿ, ಗೋಡೆಯ ಮೇಲಿನ ಫೋಟೊ ಚೌಕಟ್ಟಿನೊಳಗೆ ಬರದಿರಲಿ. ಫೋನಿನ ಗ್ಯಾಲರಿ ತಾನಾಗಿಯೇ ಇಂಟರ್‌ನೆಟ್ಟಿಗೆ ಏರಿಸುವುದನ್ನು ನಿಲ್ಲಿಸಿ, ಲ್ಯಾಪ್‌ಟಾಪಿಗೆ ಹಾಕಿದ ಮೇಲೆ ಫೋನಿನಿಂದ ಅಳಿಸಿ.

ಎಕ್ಸೆಲ್ ಹಾಳೆಯಲ್ಲಿ ಗಾಯಕ್ಕೊಂದು ಪುಟ. ದಿನಾಂಕ, ವಿಸ್ತೀರ್ಣ, ಸುತ್ತಳತೆ, ಮೊದಲ ದಿನಕ್ಕಿಂತ ಶೇಕಡಾ ಎಷ್ಟು ಕಡಿಮೆ, ಆಳ, ಬಣ್ಣದ ಪಾಲು, ಷರಾ. ಷರಾ ಕಾಲಂ ಅಗಲವಾಗಿರಲಿ. ‘ಗದ್ದೆ ನಾಟಿಗೆ ಹೋಗಿದ್ದರು’, ‘ಚಪ್ಪಲಿ ಬದಲಾಯಿತು’, ‘ಎರಡು ದಿನ ಪಟ್ಟಿ ಬಿಚ್ಚಿರಲಿಲ್ಲ’ ಎಂಬ ಸಾಲುಗಳೇ ಮುಂದೆ ಅಂಕಿಯ ಏರಿಳಿತಕ್ಕೆ ಕಾರಣ ಹೇಳುವುದು.

ಗಾಯ ಪೂರ್ತಿ ಮುಚ್ಚಿ ವಿಸ್ತೀರ್ಣ 0 ಬಂದ ದಿನ ಪುಟ ಮುಚ್ಚಬೇಡಿ. ಚರ್ಮ ಪೂರ್ತಿ ಕೂಡಿ, ರಸ ಸೋರದೆ, ಎರಡು ವಾರದ ಅಂತರದ ಎರಡು ಭೇಟಿಯಲ್ಲೂ ಹಾಗೇ ಇದ್ದರೆ ಮಾತ್ರ ಅದು ಮಾಯ್ದ ಗಾಯ. ಎರಡನೆಯ ಭೇಟಿಯ ಫೋಟೊವನ್ನೂ ಅದೇ ದೂರ, ಅದೇ ಭಂಗಿಯಲ್ಲಿ, ಅಳತೆಪಟ್ಟಿ ಅಂಟಿಸಿಯೇ ತೆಗೆಯಿರಿ.